ಕಠ್ಮಂಡುವಿಗೆ ಹೊತ್ತೊಯ್ದ ದವಡೆ ಹಲ್ಲು

ನೇಪಾಳಕ್ಕೆ ಹೋಗಿ ಬಂದೆ ಎಂದರೆ ಊರಿನಲ್ಲಿ ಎಲ್ಲರೂ ಕೇಳುವುದು ಎರಡೇ ಪ್ರಶ್ನೆ. ಹಿಮಾಲಯ ಕಾಣಿಸಿತಾ? ಪಶುಪತಿನಾಥನ ದರ್ಶನ ಚೆನ್ನಾಗಿ ಆಯಿತಾ? ಹಿಮಾಲಯ ಒಂದು ಬೆಳಗ್ಗೆ ಅರ್ಧ ಗಂಟೆ ಕಾಣಿಸಿತು, ಆಮೇಲೆ ಮೋಡ ಮುಚ್ಚಿತು. ಪಶುಪತಿನಾಥನ ದರ್ಶನ ನಮ್ಮ ಬಸ್ಸಿನವರಿಗೆಲ್ಲ ಆಯಿತು, ನನಗೆ ಆಗಲಿಲ್ಲ. ಯಾಕೆ ಎಂದವರಿಗೆ ತಂಗಿಯ ಮಗುವಿಗೆ ಹಲ್ಲುನೋವು ಬಂದಿತ್ತು ಎಂದು ಹೇಳುತ್ತ ಬಂದಿದ್ದೇನೆ. ಅದು ನಿಜ, ಆದರೆ ಅರ್ಧ ನಿಜ. ಉಳಿದರ್ಧವನ್ನು ಇಲ್ಲಿ ಬರೆಯುತ್ತೇನೆ.

ದೇವರಾಯಸಮುದ್ರದ ದಾರಿ

ನನ್ನ ಹೆಸರು ವೆಂಕಟರವಣ. ಹೋಳೂರಿನ ಪಕ್ಕದ ಹಳ್ಳಿ. ಏಳನೇ ಕ್ಲಾಸಿಗೆ ಪುಸ್ತಕ ಬಿಟ್ಟು ಸೌಟು ಹಿಡಿದೆ. ಮದುವೆ, ಗೃಹಪ್ರವೇಶಗಳಿಗೆ ಅಡುಗೆ ಮಾಡುತ್ತೇನೆ. ಮಾಲೂರಿನ ಮುನಿಶಾಮಣ್ಣ ಎಂಬುವವರು ವರ್ಷಕ್ಕೊಮ್ಮೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಜನರನ್ನು ಒಂದು ಬಸ್ಸಿಗೆ ತುಂಬಿಕೊಂಡು ಕಾಶಿಯಾತ್ರೆ ಹೊರಡುತ್ತಾರೆ. ಈ ಸಲ ನೇಪಾಳವನ್ನೂ ಸೇರಿಸಿದ್ದರು. ಬಸ್ಸಿನ ಹೊಟ್ಟೆಯಲ್ಲಿ ಒಲೆ, ಪಾತ್ರೆ, ರಾಗಿಹಿಟ್ಟಿನ ಮೂಟೆ, ಅವುಗಳ ಜೊತೆಗೆ ಅಡುಗೆಯವನಾಗಿ ನಾನು. ತರಕಾರಿ ಹೆಚ್ಚಲು ಒಬ್ಬರನ್ನು ಕರೆದುಕೊಂಡು ಬಾ ಎಂದಾಗ ತಂಗಿ ಸುಜಾತಳನ್ನು, ನಮ್ಮ ಸುಜಿಯನ್ನು, ಕೇಳಿದೆ. ಅವಳು ಮಾಲೂರಿನ ಒಂದು ಕಾರ್ಖಾನೆಯಲ್ಲಿ ದುಡಿಯುತ್ತಾಳೆ. ಗಂಡ ಲಾರಿ ಓಡಿಸುತ್ತಾನೆ, ಮನೆಯಲ್ಲಿರುವುದು ಅಪರೂಪ. ಇದ್ದಬದ್ದ ರಜೆಯನ್ನೆಲ್ಲ ಒಟ್ಟು ಮಾಡಿಕೊಂಡು, ಆರು ವರ್ಷದ ಮಗಳು ಲಾಸ್ಯಳನ್ನೂ ಕರೆದುಕೊಂಡು ಬರುವುದಾಗಿ ಹೇಳಿದಳು.

ಹೊರಡುವ ಹಿಂದಿನ ವಾರ ಮಗಳನ್ನು ನಮ್ಮ ಮನೆಯಲ್ಲಿ ಬಿಟ್ಟು ಹೋದಳು. ಹೋಗುವಾಗ ಒಂದು ಕೆಲಸ ಒಪ್ಪಿಸಿದಳು.

"ಅಣ್ಣಾ, ಇವಳ ದವಡೆ ಹಲ್ಲಲ್ಲಿ ತೂತು ಬಿದ್ದಿದೆ. ಏನಾದ್ರೂ ತಿಂದ್ರೆ ಅಳ್ತಾಳೆ. ನಂಗೆ ಇನ್ನೊಂದ್ ದಿನ ರಜ ಕೇಳಕ್ಕಾಗಲ್ಲ. ಕೋಲಾರಕ್ಕೆ ಕರ್ಕೊಂಡೋಗಿ ಹಲ್ಲಿನ ಡಾಕ್ಟ್ರಿಗೆ ತೋರ್ಸಿಬಿಡು. ಮರೀಬೇಡ."

"ಆಯ್ತು ಬಿಡಮ್ಮ, ಅದೇನು ದೊಡ್ಡ ಕೆಲಸ" ಎಂದೆ.

ಕೋಲಾರಕ್ಕೆ ಹೋದರೆ ಚೀಟಿ ತೆಗೆದು ಕಾಯುವುದರಲ್ಲೇ ದಿನ ಕಳೆಯುತ್ತದೆ. ನನಗೆ ಮುಳಬಾಗಿಲಿನಲ್ಲಿ ದೊಡ್ಡ ಡಬರಿಗಳನ್ನು ನೋಡುವ ಕೆಲಸವಿತ್ತು. ದೇವರಾಯಸಮುದ್ರದ ಕಡೆ ಹಲ್ಲಿನ ಹುಳು ತೆಗೆಯುವ ಒಬ್ಬ ಹೆಂಗಸಿದ್ದಳು. ಚಿಕ್ಕವನಾಗಿದ್ದಾಗ ನನಗೂ ಅವಳ ಅತ್ತೆ ತೆಗೆದಿದ್ದಳು. ದಾರಿಯಲ್ಲೇ ಅಲ್ಲವೇ ಎಂದುಕೊಂಡು ಗಾಡಿ ಅತ್ತ ತಿರುಗಿಸಿದೆ.

ಆಕೆ ಕಾದ ಕಬ್ಬಿಣದ ಮೇಲೆ ನೆಲಗುಳ್ಳದ ಬೀಜ, ಒಂದು ತೊಟ್ಟು ಎಣ್ಣೆ ಹಾಕಿ ಮಡಕೆ ಕವುಚಿದಳು. ಮಡಕೆಯ ತೂತಿಗೆ ಪರಂಗಿ ಎಲೆಯ ದಂಟನ್ನು ಸಿಕ್ಕಿಸಿ, ಅದರ ಹೊಗೆಯನ್ನು ಮಗುವಿನ ಬಾಯಿಗೆ ಬಿಟ್ಟಳು. ಲಾಸ್ಯ ಕೆಮ್ಮಿದಳು, ಅತ್ತಳು, ನಾನು ತಲೆ ಅಲುಗದಂತೆ ಹಿಡಿದುಕೊಂಡೆ. ತಟ್ಟೆಯ ನೀರಿನಲ್ಲಿ ಬಿಳೀ ಎಳೆಗಳು ನಾಲ್ಕೈದು ತೇಲಿದವು. "ನೋಡಪ್ಪಾ, ಎಷ್ಟು ಪುರುಗುಲು!" ಎಂದು ಆಕೆ ತೆಲುಗಿನಲ್ಲಿ ಹುಳು ಎಣಿಸಿದಳು. ಒಂದು ಪುಟ್ಟ ಶೀಸೆಯಲ್ಲಿ ಕಪ್ಪು ಎಣ್ಣೆ ಕೊಟ್ಟು, ದಿನಾ ಹತ್ತಿಯಲ್ಲಿ ಅದ್ದಿ ಹಲ್ಲಿನ ತೂತಿಗೆ ಇಡು ಎಂದಳು.

ದಾರಿಯಲ್ಲಿ ಮಗುವಿಗೆ ಹೇಳಿದೆ: "ಇಲ್ಲಿಗ್ ಬಂದಿದ್ದು ಅಮ್ಮಂಗೆ ಹೇಳ್ಬೇಡ ಕಂದ, ಬೈತಾಳೆ. ನೋಯ್ತದೆ ಅಂತ್ಲೂ ಹೇಳ್ಬೇಡ. ಹೇಳಿದ್ರೆ ಬಸ್ಸಿಗೆ ಹತ್ತಿಸ್ಕೊಳ್ಳಲ್ಲ."

ಹೂಂ ಎಂದು ತಲೆಯಾಡಿಸಿದಳು.

ಸಂಜೆ ಸುಜಿ ಫೋನು ಮಾಡಿ, "ಏನಂದ್ರಣ್ಣ ಡಾಕ್ಟ್ರು?" ಎಂದಳು.

"ಏನಿಲ್ಲಮ್ಮ, ಕ್ಲೀನ್ ಮಾಡಿ ಔಷಧಿ ಕೊಟ್ಟವ್ರೆ. ಹಾಲುಹಲ್ಲು, ತಾನೇ ಬಿದ್ದೋಗ್ತದೆ ಅಂದ್ರು."

"ಯಾವ ಡಾಕ್ಟ್ರು?"

ಕೋಲಾರದ ಬಸ್ ಸ್ಟ್ಯಾಂಡಿನ ಆಚೆ ಬೀದಿಯಲ್ಲಿ, ಮಹಡಿಯ ಮೇಲೆ ಹಲ್ಲಿನ ಚಿತ್ರವಿರುವ ಬೋರ್ಡನ್ನು ನೋಡಿದ್ದೆ. ಆ ಮೆಟ್ಟಿಲನ್ನು ಒಮ್ಮೆಯೂ ಹತ್ತಿದವನಲ್ಲ. "ಮಹಡಿ ಮೇಲಿರೋರು, ಒಳ್ಳೆ ಡಾಕ್ಟ್ರು" ಎಂದುಬಿಟ್ಟೆ.

ಕುರುಡುಮಲೆಯಿಂದ ಗಡಿಯವರೆಗೆ

ಕುರುಡುಮಲೆ ಗಣಪನಿಗೆ ಕಾಯಿ ಒಡೆದು ಬಸ್ಸು ಹೊರಟಿತು. ಆ ದೊಡ್ಡ ಗಣಪನ ಮುಂದೆ ಎಲ್ಲರೂ ಪ್ರಯಾಣ ಸುಖವಾಗಲಿ ಎಂದು ಬೇಡಿಕೊಂಡರು. ನಾನು ಮಗುವಿನ ಹಲ್ಲು ಇಪ್ಪತ್ತು ದಿನ ಸುಮ್ಮನಿರಲಿ ಎಂದು ಬೇಡಿದೆ.

ನಾಲ್ಕೈದು ದಿನ ಸುಮ್ಮನಿತ್ತು ಕೂಡ. ಆಮೇಲೆ ನೋವು ಹೆಚ್ಚಿದ್ದು ನನಗೆ ಗೊತ್ತಾಗಬೇಕಿತ್ತು, ಆಗಲಿಲ್ಲ. ಅದಕ್ಕೆ ಒಂದು ಕಾರಣ ನಾನು ಮಾಡುತ್ತಿದ್ದ ಅಡುಗೆಯೇ. ಎಲ್ಲಿ ನಿಲ್ಲಿಸಿದರೂ ನಮ್ಮ ಜನಕ್ಕೆ ಮುದ್ದೆ, ಸಾರು ಬೇಕು. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಹಲ್ಲುನೋವು ಬಂದ ಮಗು ಚಪಾತಿ ತಿನ್ನುವ ಮನೆಯಲ್ಲಾದರೆ ಮೊದಲ ತುತ್ತಿಗೇ ಸಿಕ್ಕಿಬೀಳುತ್ತದೆ. ಮುದ್ದೆ ತಿನ್ನುವವರ ನಡುವೆ ವಾರಗಟ್ಟಲೆ ಅಡಗಿಕೊಂಡಿರಬಹುದು. ಲಾಸ್ಯ ದಿನಾ ತಟ್ಟೆ ಖಾಲಿ ಮಾಡುತ್ತಿದ್ದಳು. ಬಸ್ಸಿನ ಹಿರಿಯಳು, ಶ್ರೀನಿವಾಸಪುರದ ಅಕ್ಕಾಯಮ್ಮ, "ಬಂಗಾರು ತಲ್ಲಿ, ಒಂದು ಅಗುಳು ಬಿಡಲ್ಲ ನೋಡು" ಎಂದು ದೃಷ್ಟಿ ತೆಗೆಯುತ್ತಿದ್ದಳು.

ಬೆಳಗ್ಗೆ ಸುಜಿ ಈರುಳ್ಳಿ ಹೆಚ್ಚುತ್ತ ಕುಳಿತಾಗ ಮಗು ನನ್ನ ಹತ್ತಿರ ಕಡ್ಲೆ ಪಪ್ಪು, ಬೆಲ್ಲ ಕೇಳಲು ಬರುತ್ತಿತ್ತು. ಆಗ ಮಸಾಲೆ ಡಬ್ಬಿಯಲ್ಲಿ ಅಡಗಿಸಿಟ್ಟ ಶೀಸೆ ತೆಗೆದು, ಹತ್ತಿ ಅದ್ದಿ ಹಲ್ಲಿಗೆ ಇಡುತ್ತಿದ್ದೆ. ಕಣ್ಣು ಮುಚ್ಚಿ ಬಾಯಿ ತೆರೆಯುತ್ತಿದ್ದಳು. ನೋಯ್ತದಾ ಎಂದರೆ ಇಲ್ಲ ಎಂದು ತಲೆಯಾಡಿಸುತ್ತಿದ್ದಳು. ಆಮೇಲೆ ಬೆಲ್ಲ ಕೊಡುತ್ತಿದ್ದೆ. ತೂತು ಬಿದ್ದ ಹಲ್ಲಿಗೆ ದಿನಾ ಬೆಲ್ಲ ಕೊಟ್ಟವನು ನಾನು.

ಗಡಿ ದಾಟಿದ ಮೇಲೆ

ಬೇರೆ ದೇಶ ಎಂದರೆ ದೊಡ್ಡ ಬಾಗಿಲೇನೋ ತೆರೆಯುತ್ತದೆ ಎಂದುಕೊಂಡಿದ್ದೆವು. ಕಮಾನು ಒಂದಿತ್ತು. ಅದರ ಕೆಳಗೆ ಸೈಕಲ್ ರಿಕ್ಷಾ, ಲಾರಿ, ಹಸು, ನಾವು, ಎಲ್ಲ ಒಟ್ಟಿಗೆ ನುಗ್ಗಿದೆವು. ಗುರುತಿನ ಚೀಟಿ ನೋಡಿದವನು ಅಕ್ಕಾಯಮ್ಮನ ಮುಖವನ್ನೂ ಫೋಟೋವನ್ನೂ ಮೂರು ಸಲ ನೋಡಿದ. "ಯಾಕಪ್ಪಾ, ಫೋಟೋದಲ್ಲಿ ನಾನೇ ಇರೋದು, ಹಲ್ಲು ಮಾತ್ರ ಊರಲ್ಲಿ ಬಿದ್ದೋದ್ವು" ಎಂದಳು. ಅವನಿಗೆ ಒಂದಕ್ಷರ ತಿಳಿಯದಿದ್ದರೂ ನಕ್ಕು ಬಿಟ್ಟ.

ಅಲ್ಲಿಂದ ಗಡಿಯಾರ ಕಾಲು ಗಂಟೆ ಮುಂದೆ. ಪೂರಾ ಗಂಟೆಯಲ್ಲ, ಅರ್ಧವಲ್ಲ, ಕಾಲು. ಮುನಿಶಾಮಣ್ಣ ಎರಡು ದಿನ ತಮ್ಮ ವಾಚನ್ನು ತಿರುಗಿಸದೆ ಎಲ್ಲರನ್ನೂ ತಡ ಮಾಡಿಸಿ, "ನಿಮ್ಮಿಂದ ಲೇಟು" ಎಂದು ನಮ್ಮನ್ನೇ ಬೈದರು. ನಮ್ಮ ಫೋನುಗಳು ಸತ್ತವು. ಗುಡ್ಡದ ರಸ್ತೆಯಲ್ಲಿ ಒಂದು ಕಡೆ ಬಂಡೆ, ಇನ್ನೊಂದು ಕಡೆ ಆಳದಲ್ಲಿ ಹೊಳೆ. ನಮ್ಮ ಬಯಲುಸೀಮೆಯವರು ಅರ್ಧ ಜನ ಕಣ್ಣು ಮುಚ್ಚಿಕೊಂಡೇ ದೇಶ ನೋಡಿದರು.

ದಾರಿಬದಿಯ ಒಂದು ಮನೆಯ ಮುಂದೆ ನೀರಿಗೆ ನಿಲ್ಲಿಸಿದಾಗ, ಒಳಗೆ ಒಬ್ಬ ಹೆಂಗಸು ಕಬ್ಬಿಣದ ಬಾಣಲೆಯಲ್ಲಿ ಕಪ್ಪು ಹಿಟ್ಟು ತೊಳಸುತ್ತಿದ್ದಳು. ವಾಸನೆ ಹಿಡಿದು ಹೋದೆ. ರಾಗಿ! ಅಲ್ಲಿ ಅದಕ್ಕೆ ಕೋದೋ ಎನ್ನುತ್ತಾರೆ, ಮುದ್ದೆಗೆ ಢಿಂಡೋ. ಆದರೆ ಉಂಡೆ ಕಟ್ಟುವುದಿಲ್ಲ, ತಟ್ಟೆಗೆ ಬಡಿಸಿ ನಡುವೆ ಗುಳಿ ಮಾಡಿ ಸಾರು ಹಾಕುತ್ತಾರೆ. ನಾನು ಕೈ ತೊಳೆದುಕೊಂಡು ಒಂದು ಉಂಡೆ ಕಟ್ಟಿ ತೋರಿಸಿದೆ. ಆಕೆ ಅದನ್ನು ಕೈಯಲ್ಲಿ ಹಿಡಿದು ಚೆಂಡಿನಂತೆ ಮೇಲೆ ಹಾರಿಸಿ ನಕ್ಕಳು. ಅಷ್ಟು ದೂರ ಹೋಗಿ ಸ್ವಂತದವರು ಸಿಕ್ಕಂತಾಯಿತು.

ಅಲ್ಲಿಯೇ ಅಂಗಡಿಯಲ್ಲಿ ದಾರಕ್ಕೆ ಪೋಣಿಸಿದ ಬಿಳೀ ತುಂಡುಗಳು ತೂಗಾಡುತ್ತಿದ್ದವು. ಹಾಲಿನಿಂದ ಮಾಡಿದ್ದು, ಛುರ್ಪಿ ಎಂದರು. ಹಾಲಿನದೆಂದರೆ ಪೇಡದಂಥದ್ದು ಎಂದುಕೊಂಡು ಲಾಸ್ಯಳಿಗೆ ಒಂದು ಕೊಟ್ಟೆ. ಅದು ಕಲ್ಲಿನಷ್ಟು ಗಟ್ಟಿ. ಅಲ್ಲಿನವರು ಅದನ್ನು ಕಚ್ಚುವುದಿಲ್ಲ, ನಮ್ಮ ಮುದುಕರು ಅಡಿಕೆ ಹೋಳನ್ನು ದವಡೆಗೆ ಒತ್ತರಿಸಿಕೊಂಡಂತೆ ಗಂಟೆಗಟ್ಟಲೆ ಇಟ್ಟುಕೊಳ್ಳುತ್ತಾರೆ. ನಮಗೆ ಹೇಳುವವರು ಯಾರು? ಮಗು ಕಟಕ್ಕನೆ ಕಚ್ಚಿ ಕಿರುಚಿತು. ಇಡೀ ಬಸ್ಸು ತಿರುಗಿ ನೋಡಿತು.

"ಅಯ್ಯೋ, ಕಲ್ಲು ತಿನ್ಸಿದ್ಯಲ್ಲಣ್ಣಾ ಮಗೂಗೆ!" ಎಂದಳು ಸುಜಿ.

"ತಪ್ಪಾಯ್ತು ಕಣಮ್ಮ, ಪೇಡ ಅನ್ಕೊಂಡೆ" ಎಂದೆ. ಎಲ್ಲರೂ ನಕ್ಕರು. ನನಗೆ ಒಳಗೊಳಗೆ ಸಮಾಧಾನವಾಯಿತು. ಇನ್ನು ಮೇಲೆ ಹಲ್ಲಿಗೆ ಏನೇ ಆದರೂ ಛುರ್ಪಿಯ ಮೇಲೆ ಹಾಕಬಹುದಲ್ಲ! ಚಿಕ್ಕ ತಪ್ಪನ್ನು ಮುಂದೆ ಹಿಡಿದು ದೊಡ್ಡದನ್ನು ಹಿಂದೆ ಬಚ್ಚಿಟ್ಟೆ.

ಕಠ್ಮಂಡು, ಶನಿವಾರ

ಬೆಳಗ್ಗೆ ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಿದ್ದೆ. ಅಕ್ಕಾಯಮ್ಮ ಓಡಿ ಬಂದಳು. "ಏಮಪ್ಪಾ ರವಣಾ, ಬಿಡ್ಡ ಮೊಹಂ ಚೂಡು! ಮಗೂ ಮುಖ ನೋಡ್ಬಾ!"

ಲಾಸ್ಯಳ ಬಲಗೆನ್ನೆ ಊದಿ, ಕಣ್ಣಿನ ಕೆಳಗಿನವರೆಗೂ ಬಿಗಿದಿತ್ತು. ಕೆಂಪಗೆ ಹೊಳೆಯುತ್ತಿತ್ತು. ಮೈ ಸುಡುತ್ತಿತ್ತು. ಬಾಯಿ ತೆರೆ ಎಂದರೆ ಎರಡು ಬೆರಳು ಹಿಡಿಸುವಷ್ಟೂ ತೆರೆಯಲಿಲ್ಲ. ಸುಜಿ ಅವಳನ್ನು ಮಡಿಲಲ್ಲಿಟ್ಟುಕೊಂಡು ನನ್ನ ಮುಖವನ್ನೇ ನೋಡಿದಳು. ಅಕ್ಕಾಯಮ್ಮ ಅರಿಸಿನದ ಪಟ್ಟು ಹಾಕು ಎಂದಳು, ಇನ್ನೊಬ್ಬರು ಬಿಸಿ ಇಟ್ಟಿಗೆಯ ಶಾಖ ಕೊಡಿ ಎಂದರು. ನನಗೆ ಒಂದು ವಿಷಯ ಮಾತ್ರ ಸ್ಪಷ್ಟವಾಯಿತು: ಇನ್ನು ಯಾವ ನಾಟಿ ಮದ್ದೂ ಬೇಡ.

ಆವತ್ತು ಪಶುಪತಿನಾಥನ ದರ್ಶನ, ಮರುದಿನ ಬೆಳಗ್ಗೆ ಪೋಖರಾಕ್ಕೆ ಪ್ರಯಾಣ. ಮುನಿಶಾಮಣ್ಣ ವಾಚು ನೋಡಿದರು.

"ಇವತ್ತು ಶನಿವಾರ ಕಣೋ, ನಾಳೆ ಆದ್ರೆ ಭಾನುವಾರ, ಎಲ್ಲಾ ಬಾಗ್ಲು ಹಾಕಿರ್ತಾರೆ. ಇವತ್ತೇ ತೋರಿಸ್ಕೊಂಡ್ ಬಂದ್ಬಿಡು. ಮಧ್ಯಾಹ್ನದ್ ಅಡುಗೆ ನಾವ್ ನೋಡ್ಕೋತೀವಿ."

ನಾವು ಇಳಿದುಕೊಂಡಿದ್ದ ಹೋಟೆಲಿನ ಹುಡುಗಿ ನಕ್ಕು ಹಿಂದಿಯಲ್ಲಿ ಹೇಳಿದಳು, ನೇಪಾಳದಲ್ಲಿ ವಾರದ ರಜೆ ಶನಿವಾರ. ಭಾನುವಾರ ಎಲ್ಲ ತೆರೆದಿರುತ್ತದೆ. ನಾವು ಬೇಡಬೇಡ ಎಂದರೂ ಸರಿಯಾಗಿ ರಜೆಯ ದಿನಕ್ಕೇ ಬಂದು ಬಿದ್ದಿದ್ದೆವು. ಹಲ್ಲಿನವರ ಬೀದಿ ಒಂದಿದೆ, ನಡೆದೇ ಹೋಗಬಹುದು, ಯಾರಾದರೂ ಸಿಗಬಹುದು ಎಂದು ದಾರಿ ತೋರಿಸಿದಳು.

ಲಾಸ್ಯಳನ್ನು ಹೆಗಲಿಗೆ ಹಾಕಿಕೊಂಡು ನಾನು, ಪಕ್ಕದಲ್ಲಿ ಸುಜಿ. ಇಟ್ಟಿಗೆ ಮನೆಗಳ ನಡುವೆ ಸಣ್ಣ ಸಣ್ಣ ಗಲ್ಲಿಗಳು. ಒಂದು ತಿರುವಿನಲ್ಲಿ ಗೋಡೆಗೆ ಆನಿಸಿದ ದೊಡ್ಡ ಮರದ ಕೊರಡು ಇತ್ತು. ಅದು ಮರವೆಂದು ತಿಳಿಯುವುದೇ ಕಷ್ಟ, ಮೈತುಂಬ ನಾಣ್ಯಗಳನ್ನಿಟ್ಟು ಮೊಳೆ ಹೊಡೆದಿದ್ದರು. ಅದು ಹಲ್ಲುನೋವಿನ ದೇವರಂತೆ. ನಾಣ್ಯ ಇಟ್ಟು ಮೊಳೆ ಹೊಡೆದರೆ ನೋವು ಅಲ್ಲಿಗೇ ಇಳಿಯುತ್ತದಂತೆ. ಅದರ ಸುತ್ತಲೇ ಸಾಲಾಗಿ ಹಲ್ಲಿನ ಅಂಗಡಿಗಳು, ಗಾಜಿನ ಹಿಂದೆ ನಗುವ ಹಲ್ಲುಸೆಟ್ಟುಗಳು. ದೇವರು ಕೈಬಿಟ್ಟವರನ್ನು ಪಕ್ಕದಲ್ಲೇ ಹಿಡಿದುಕೊಳ್ಳುವ ಏರ್ಪಾಡು. ನಮ್ಮ ಕಡೆ ಹಾವಿಗೆ, ಸಿಡುಬಿನ ಅಮ್ಮನಿಗೆ, ಮಳೆಗೆ ಎಲ್ಲ ಹರಕೆ ಇದೆ, ಹಲ್ಲಿಗೆ ಅಂತ ದೇವರಿರುವುದನ್ನು ನಾನು ಅಲ್ಲಿಯೇ ನೋಡಿದ್ದು.

ಲಾಸ್ಯ ತಲೆಯೆತ್ತಿ ಬಾಯಿಯ ಒಂದೇ ಕಡೆಯಿಂದ ಹೇಳಿದಳು: "ಮಾಮ, ಪಾಪ, ಅದಕ್ಕೆ ಎಷ್ಟೊಂದ್ ಮೊಳೆ ಹೊಡ್ದವ್ರೆ."

ಸುಜಿ ಸೆರಗಿನಿಂದ ನಾಣ್ಯ ಬಿಚ್ಚಿದಳು. ಅಂಗಡಿಗಳೆಲ್ಲ ಮುಚ್ಚಿದ್ದವು, ಒಂದರ ಶಟರ್ ಮಾತ್ರ ಮೊಣಕಾಲೆತ್ತರಕ್ಕೆ ತೆರೆದಿತ್ತು. ಬಗ್ಗಿ ನೋಡಿದರೆ ಒಬ್ಬ ಮುದುಕ ಗುಲಾಬಿ ಬಣ್ಣದ ಹಲ್ಲುಸೆಟ್ಟನ್ನು ಉಜ್ಜುತ್ತ ಕೂತಿದ್ದ. ನನಗೆ ಮುಳಬಾಗಿಲಿನ ಸಂತೆಯಲ್ಲಿ ಕಲಿತ ಉರ್ದು ಬರುತ್ತದೆ. ಆತನಿಗೆ ಹಿಂದಿ ಬರುತ್ತಿತ್ತು. ಆತ ಹೊರಗೆ ಬಂದು, ಮಗುವಿನ ಕೆನ್ನೆಯನ್ನು ಬೆರಳ ತುದಿಯಿಂದ ಮುಟ್ಟಿ, ಕೈ ಹಿಂದಕ್ಕೆ ತೆಗೆದುಕೊಂಡ.

"ನಾನು ಹಲ್ಲಿಲ್ಲದವರಿಗೆ ಹಲ್ಲು ಮಾಡುವವನು. ಇದು ನನ್ನ ಕೈಯ ಕೆಲಸವಲ್ಲ, ಈ ಬೀದಿಯದೂ ಅಲ್ಲ. ಆಸ್ಪತ್ರೆಗೆ ನಡೆಯಿರಿ" ಎಂದ. ಸುಜಿಯ ಕೈಯ ನಾಣ್ಯ ನೋಡಿ, "ದೇವರು ಎಲ್ಲಿಗೂ ಹೋಗುವುದಿಲ್ಲ, ಮೊದಲು ಮಗು" ಎಂದು ಶಟರ್ ಎಳೆದ. ಆ ಕೊರಡಿಗೆ ತಾನು ಮಾತ್ರ ಹಣೆ ಮುಟ್ಟಿಸಿ, ನಮ್ಮ ಮುಂದೆ ಮುಂದೆ ನಡೆದ. ರಜೆಯ ದಿನ, ಹೆಸರೂ ಕೇಳದೆ, ಆಸ್ಪತ್ರೆಯ ತುರ್ತು ವಿಭಾಗದ ಬಾಗಿಲವರೆಗೆ ಬಂದು, ಕಿಟಕಿಯಲ್ಲಿ ಚೀಟಿ ಬರೆಸಿಕೊಟ್ಟು ಹೋದ.

ಆಸ್ಪತ್ರೆಯ ಕುರ್ಚಿ

ಹಲ್ಲಿನ ಡಾಕ್ಟರನ್ನು ಮನೆಯಿಂದ ಕರೆಸಿದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ತಲೆ ಒದ್ದೆಯಾಗಿತ್ತು, ಸ್ನಾನದಿಂದ ಎದ್ದು ಬಂದಂತಿತ್ತು. ಮಗುವನ್ನು ತೂಕ ಮಾಡಿಸಿದಳು. ಕಣ್ಣು ಪೂರ್ತಿ ಬಿಡು ಎಂದಳು. ಒಂದು ಗುಟುಕು ನೀರು ಕುಡಿಸಿ ನುಂಗುವುದನ್ನು ನೋಡಿದಳು. ಕುರ್ಚಿಗೆ ಹತ್ತಿಸಲು ಹೋದರೆ ಲಾಸ್ಯ ನನ್ನ ಅಂಗಿ ಬಿಡಲಿಲ್ಲ. "ನೀವೇ ಕೂತು ಮಡಿಲಲ್ಲಿ ಕೂರಿಸಿಕೊಳ್ಳಿ" ಎಂದಳು ಡಾಕ್ಟರು. ಕಿವಿ ಚುಚ್ಚುವಾಗಲೂ ಸೋದರಮಾವನೆಂದು ನನ್ನ ಮಡಿಲಲ್ಲೇ ಕೂರಿಸಿದ್ದರು. ಕಿವಿ ಚುಚ್ಚಿದ ಆ ದಿನ ಅವಳ ತಲೆಯನ್ನು ಹಿಡಿಯುವ ಹಕ್ಕು ನನಗಿತ್ತು.

ಡಾಕ್ಟರು ದೀಪ ಹತ್ತಿರ ಎಳೆದು, ತುಟಿ ಸರಿಸಿ ನೋಡಿದವಳೇ ಕೇಳಿದಳು: "ಇದನ್ನು ಮೊದಲು ಯಾರಿಗಾದರೂ ತೋರಿಸಿದ್ದೀರಾ?"

ಸುಜಿಗೆ ಹಿಂದಿ ಬರುವುದಿಲ್ಲ. "ಏನಂತೆ ಅಣ್ಣಾ?" ಎಂದಳು.

"ಮುಂಚೆ ತೋರ್ಸಿದ್ರಾ ಅಂತ."

"ಹೂಂ ಅನ್ನು. ಕೋಲಾರದಲ್ಲಿ ತೋರ್ಸಿದ್ವಿ, ಔಷಧಿ ಕೊಟ್ರು, ಹಾಲುಹಲ್ಲು ತಾನೇ ಬೀಳತ್ತೆ ಅಂದ್ರು ಅಂತ ಹೇಳು."

ನಾನು ಬಾಯಿ ತೆರೆಯುವ ಮುಂಚೆ ಡಾಕ್ಟರು ಮತ್ತೆ ಕೇಳಿದಳು. ಒಸಡು ಒಂದು ಕಡೆ ಬಿಳಿಚಿ ಸುಟ್ಟಂತಿದೆ, ಇಲ್ಲಿ ಏನು ಹಚ್ಚಿದ್ದೀರಿ? ಯಾವ ಡಾಕ್ಟರೂ ಹೀಗೆ ಮಾಡುವುದಿಲ್ಲ. ಸರಿಯಾಗಿ ಹೇಳಿ, ಇಲ್ಲದಿದ್ದರೆ ನಾನು ಕೊಡುವ ಮದ್ದು ಕೆಡುಕು ಮಾಡಬಹುದು.

ಮಗು ಮಡಿಲಲ್ಲಿ ಬಿಸಿಯಾಗಿ ಕೂತಿತ್ತು. ನಾನು ಉರ್ದುವಿನಲ್ಲಿ ಎಲ್ಲ ಹೇಳಿದೆ. ಡಾಕ್ಟರಿಗೆ ತೋರಿಸಲಿಲ್ಲ. ಹುಳು ತೆಗೆಯುವವಳ ಹತ್ತಿರ ಹೋದೆ. ಹೊಗೆ ಹಾಕಿಸಿದೆ. ಎಣ್ಣೆ ಕೊಟ್ಟಳು, ಅದರಲ್ಲಿ ಏನಿದೆಯೋ ಗೊತ್ತಿಲ್ಲ, ಎರಡು ವಾರದಿಂದ ನಾನೇ ಇಡುತ್ತಿದ್ದೇನೆ. ಶೀಸೆಯೂ ಜೇಬಿನಲ್ಲಿತ್ತು, ತೆಗೆದುಕೊಟ್ಟೆ. ಆಕೆ ಮೂಸಿ ನೋಡಿ, ಮುಚ್ಚಳ ಬಿಗಿದು, ಕಸದ ಡಬ್ಬಿಗೆ ಹಾಕಿದಳು.

"ಹುಳು ಕಣ್ಣಾರೆ ನೋಡಿದೆ" ಎಂದೆ, ಯಾಕೆ ಹೇಳಿದೆನೋ.

"ಹಲ್ಲಿನಲ್ಲಿ ಹುಳು ಇರುವುದಿಲ್ಲ. ಬೀಜ ಕಾದು ಸಿಡಿದರೆ ಒಳಗಿನ ಮೊಳಕೆ ಹೊರಗೆ ಬರುತ್ತದೆ. ಅದನ್ನೇ ನೀರಿನಲ್ಲಿ ತೋರಿಸುತ್ತಾರೆ. ನಮ್ಮ ಹಳ್ಳಿಗಳಲ್ಲೂ ಮಾಡುತ್ತಾರೆ."

ದಿನವೂ ಮಣಗಟ್ಟಲೆ ಹುರುಳಿ, ಹೆಸರುಕಾಳು ಮೊಳಕೆ ಕಟ್ಟುವ ಕೈ ನನ್ನದು. ಮೊಳಕೆಯನ್ನು ಹುಳು ಎಂದು ನಂಬಿದ್ದೆ.

ಡಾಕ್ಟರು ಸುಜಿಯ ಕಡೆ ನೋಡಿ, ದನಿ ತಗ್ಗಿಸಿ ಕೇಳಿದಳು. "ಇವರಿಗೆ ಗೊತ್ತಿಲ್ಲ, ಅಲ್ಲವೇ?"

ಇಲ್ಲ ಎಂದೆ.

"ಅದು ನಿಮ್ಮ ಮನೆಯ ವಿಷಯ. ಹಲ್ಲಿನ ವಿಷಯ ನನಗೆ ಹೇಳಿದಿರಿ, ಸಾಕು."

"ಏನಂದ್ರಣ್ಣ ಇಷ್ಟೊತ್ತು?" ಎಂದಳು ಸುಜಿ.

"ಆ ಛುರ್ಪಿ ಕಚ್ಚಿದ್ದಕ್ಕೆ ಕೀವಾಗಿದೆಯಂತೆ. ಹಲ್ಲು ತೆಗೀಬೇಕಂತೆ" ಎಂದೆ.

ಒಂದೇ ಕುರ್ಚಿಯಲ್ಲಿ ಕೂತು ಡಾಕ್ಟರಿಗೆ ನಿಜ ಹೇಳಿದೆ, ತಂಗಿಗೆ ಸುಳ್ಳು ಹೇಳಿದೆ. ಊರಿನಲ್ಲಿ ಹೇಳಿದ ಸುಳ್ಳನ್ನು ಸೋಮಾರಿತನ ಎನ್ನಬಹುದು. ಇದಕ್ಕೆ ಆ ಹೆಸರು ಸಾಲದು.

ಮರಗಟ್ಟಿಸುವ ಸೂಜಿ ಹಾಕುವಾಗ ಲಾಸ್ಯ ನನ್ನ ಹೆಬ್ಬೆರಳನ್ನು ಹಿಡಿದುಕೊಂಡಿದ್ದಳು. ಡಾಕ್ಟರು ಏಕ್, ದುಯಿ, ತೀನ್ ಎಂದು ಎಣಿಸಿದಳು. ಮಗು ಕಣ್ಣಲ್ಲೇ ನನ್ನನ್ನು ಕೇಳಿತು. ನಾನು ಒಂದು, ಎರಡು, ಮೂರು ಎಂದು ಎಣಿಸಿದೆ. ಹತ್ತಕ್ಕೆ ಮುಂಚೆ ಹಲ್ಲು ಬಂತು, ಅದರ ಹಿಂದೆಯೇ ಕೀವು. ಸುಜಿ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು. ಇನ್ನೊಂದು ದಿನ ತಡವಾಗಿದ್ದರೆ ಕಣ್ಣು ಮುಚ್ಚಿಹೋಗಿ ಆಸ್ಪತ್ರೆಯಲ್ಲೇ ಮಲಗಿಸಬೇಕಾಗುತ್ತಿತ್ತು ಎಂದಳು ಡಾಕ್ಟರು. ಔಷಧಿ ಬರೆದುಕೊಟ್ಟು, ಊತ ಇಳಿಯಿತೋ ಇಲ್ಲವೋ ನಾಳೆ ಮತ್ತೆ ನೋಡಲೇಬೇಕು ಎಂದಳು.

ಒಂದು ದಿನ ಹೆಚ್ಚಿಗೆ

ಮುನಿಶಾಮಣ್ಣ ಸುದ್ದಿ ಕೇಳಿ ತಲೆ ಕೆರೆದುಕೊಂಡರು. "ಅಡುಗೆಯೋನ್ನ ಬಿಟ್ಟು ಹೆಂಗೋ ಹೋಗೋದು? ಇವ್ರು ಮುದ್ದೆ ಇಲ್ದೆ ನನ್ನೇ ತಿಂದಾಕ್ತಾರೆ."

"ನೀನು ಉಂಡೆ ಇದ್ದಂಗೇ ಇದ್ದೀಯ ಬಿಡು, ಸಾರು ಒಂದ್ ಮಾಡ್ಕೋತೀವಿ" ಎಂದಳು ಅಕ್ಕಾಯಮ್ಮ. ಆಮೇಲೆ ನನ್ನ ಕಡೆ ತಿರುಗಿ, "ನೀನ್ ಮಗೂ ನೋಡ್ಕೋ ನಾಯನಾ. ಸೌಟು ಹಿಡ್ಯಕ್ಕೆ ನಮಗೂ ಕೈ ಅವೆ" ಎಂದಳು.

ಬಸ್ಸು ಹೋಯಿತು, ನಾವು ಮೂವರು ಉಳಿದೆವು. ಭಾನುವಾರ ಊರೆಲ್ಲ ಕೆಲಸಕ್ಕೆ ಹೊರಟಿತ್ತು. ಮಕ್ಕಳು ಸಮವಸ್ತ್ರ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದುದನ್ನು ನೋಡಿ ಲಾಸ್ಯ, "ಪಾಪ, ಇಲ್ಲಿ ಭಾನ್ವಾರಾನೂ ಇಸ್ಕೂಲು" ಎಂದಳು. ಅವಳು ಅಷ್ಟು ಮಾತಾಡಿದ್ದು ಕೇಳಿ ಸು‌ಜಿ ಅತ್ತಳು. ಊತ ಅರ್ಧ ಇಳಿದಿತ್ತು. ಡಾಕ್ಟರು ನೋಡಿ ಒಪ್ಪಿದಳು. ಬಾಯಿ ಇನ್ನೂ ಪೂರ್ತಿ ತೆರೆಯುತ್ತಿಲ್ಲ, ಉಳಿದ ಹಲ್ಲುಗಳನ್ನು ಸರಿಯಾಗಿ ನೋಡಲಾಗಿಲ್ಲ, ಊರಿಗೆ ಹೋದ ವಾರದಲ್ಲೇ ತೋರಿಸಿ ಎಂದು ಕಾಗದದಲ್ಲಿ ಬರೆದುಕೊಟ್ಟಳು. ಕೊಡುವಾಗ ಅದನ್ನು ನನ್ನ ಕೈಗೆ ಕೊಡಲಿಲ್ಲ, ಸುಜಿಯ ಕೈಗೆ ಕೊಟ್ಟಳು.

ಸೋಮವಾರ ಅಲ್ಲಿಯ ಬಸ್ಸು ಹಿಡಿದು ಪೋಖರಾದಲ್ಲಿ ನಮ್ಮವರನ್ನು ಸೇರಿಕೊಂಡೆವು. ಸುಜಿ ನಮ್ಮ ಬಸ್ಸು ಹತ್ತುತ್ತಲೇ ಎಲ್ಲರಿಗೂ ಹೇಳಿದಳು. "ನಮ್ಮಣ್ಣ ಇಲ್ದಿದ್ರೆ ಮಗು ಗತಿ ಏನಾಗ್ತಿತ್ತೋ! ಆ ಭಾಷೇಲಿ ಡಾಕ್ಟ್ರತ್ರ ಎಷ್ಟ್ ಚೆನ್ನಾಗ್ ಮಾತಾಡ್ದ ಗೊತ್ತಾ." ಹೆಂಗಸರು ನನ್ನನ್ನು ಹೊಗಳಿದರು. ಅನ್ನಕ್ಕೆ ನೀರಿಡುವ ನೆಪ ಮಾಡಿಕೊಂಡು ಬಸ್ಸಿನಿಂದ ಇಳಿದುಬಿಟ್ಟೆ.

ವಾಪಸು ಬರುವ ದಾರಿ ಉದ್ದಕ್ಕೂ ಹೇಳಿಬಿಡಬೇಕು ಎಂದುಕೊಂಡೆ. ಗಡಿಯಲ್ಲಿ, ಕಾಶಿಯಲ್ಲಿ, ನಾಗಪುರದ ಹತ್ತಿರ ಎಲ್ಲೋ. ಒಂದೊಂದು ಊರಿಗೂ ಒಂದೊಂದು ಕಾರಣ ಸಿಕ್ಕಿತು.

ಕೋಲಾರ

ಊರಿಗೆ ಬಂದ ವಾರಕ್ಕೆ ಸುಜಿ ಅರ್ಧ ದಿನದ ರಜೆ ಹಾಕಿ, ಕಾಗದ ಹಿಡಿದುಕೊಂಡು ಮಗಳೊಂದಿಗೆ ಕೋಲಾರದ ಬಸ್ ಸ್ಟ್ಯಾಂಡಿಗೆ ಬಂದಳು. ನಾನೂ ಹೋಗಿದ್ದೆ.

"ಅದೇ ಡಾಕ್ಟ್ರತ್ರ ಹೋಗೋಣ ಅಣ್ಣಾ" ಎಂದಳು.

"ಬೇರೆ ಕಡೆ ಹೋಗೋಣ ಬಿಡಮ್ಮ."

"ಯಾಕ್ ಬಿಡ್ಬೇಕು? ತಾನೇ ಬಿದ್ದೋಗತ್ತೆ ಅಂದ್ರಂತಲ್ಲ, ಮುಖ ನೋಡ್ಕೊಂಡ್ ಕೇಳ್ಬೇಕು ನಾನು. ದುಡ್ಡಿಗೇನ್ ಬೇಕಾದ್ರೂ ಹೇಳ್ಬೋದಾ? ನೀನ್ ಮಾತಾಡ್ಬೇಡ, ನಾನೇ ಮಾತಾಡ್ತೀನಿ."

ಮುಂದೆ ಮುಂದೆ ನಡೆದಳು. ಹಲ್ಲಿನ ಚಿತ್ರದ ಬೋರ್ಡು ಅವಳಿಗೇ ಕಾಣಿಸಿತು. ಮೆಟ್ಟಿಲ ಮೇಲೆ ಕಾಲಿಟ್ಟಳು. ಮೇಲೆ ಒಬ್ಬ ಮನುಷ್ಯ ತನ್ನ ಪಾಡಿಗೆ ಯಾರದೋ ಹಲ್ಲು ನೋಡುತ್ತಿದ್ದಾನೆ. ಅವನ ಬಾಗಿಲಿಗೆ ಹೋಗಿ ಈಕೆ ಕೂಗಾಡುತ್ತಾಳೆ. ಅವನು ಪುಸ್ತಕ ತೆಗೆದು, ಈ ಹೆಸರಿನ ಮಗುವೇ ಬಂದಿಲ್ಲ ಎನ್ನುತ್ತಾನೆ. ಆಗಲೂ ನಾನು, ಸುಳ್ಳು ಹೇಳ್ತಾ ಇದ್ದಾನೆ ಎನ್ನಬಲ್ಲೆ. ನನಗೆ ಆ ಮಾತು ತಯಾರಾಗಿಯೇ ಇತ್ತು. ಅದು ಗೊತ್ತಾಗಿ ನನಗೇ ಭಯವಾಯಿತು.

"ಸುಜಿ, ನಿಂತ್ಕೋ. ನಾನ್ ಇಲ್ಲಿಗೆ ಬಂದೇ ಇಲ್ಲ."

ಮೆಟ್ಟಿಲ ಮೇಲಿಂದ ತಿರುಗಿದಳು. ಬೀದಿಯಲ್ಲಿ ನಿಂತೇ ಎಲ್ಲ ಹೇಳಿದೆ. ದೇವರಾಯಸಮುದ್ರದ ಹೊಗೆ, ಶೀಸೆ, ಮಸಾಲೆ ಡಬ್ಬಿ, ಕಠ್ಮಂಡುವಿನ ಕುರ್ಚಿಯಲ್ಲಿ ತಿರುಚಿ ಹೇಳಿದ ಮಾತು. ಆಟೋದವನೊಬ್ಬ ಬರ್ತೀರಾ ಎಂದು ಕೇಳಿ, ನಮ್ಮ ಮುಖ ನೋಡಿ ಹೊರಟುಹೋದ.

ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ. "ಹೊಗೆ ಹಾಕ್ದಾಗ ಅತ್ಲಾ?"

"ಅತ್ಲು."

"ನಂಗ್ಯಾಕೆ ಹೇಳ್ಲಿಲ್ಲ ಅವ್ಳು? ಎಲ್ಲಾ ಹೇಳ್ತಾಳಲ್ಲ ನಂಗೆ."

"ಹೇಳ್ಬೇಡ ಅಂದಿದ್ದೆ. ಹೇಳಿದ್ರೆ ಬಸ್ಸಿಗೆ ಹತ್ತಿಸ್ಕೊಳ್ಳಲ್ಲ ಅಂದಿದ್ದೆ."

ಸುಜಿ ಮಗಳ ಕೈ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು. ಬಾ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ನಾಲ್ಕು ಮೆಟ್ಟಿಲು ಬಿಟ್ಟು ನಾನೂ ಹತ್ತಿದೆ.

ಡಾಕ್ಟರು ವಯಸ್ಸಾದವರು, ನಿಧಾನದ ಮನುಷ್ಯ. ಕಠ್ಮಂಡುವಿನ ಕಾಗದ ಓದಿ, ಅಲ್ಲಿ ಒಳ್ಳೆಯ ಕೆಲಸ ಮಾಡಿದ್ದಾರೆ, ಹುಣ್ಣು ಮಾಯುತ್ತಿದೆ ಎಂದರು. ಆಮೇಲೆ ಲಾಸ್ಯಳನ್ನು ಕೇಳಿದರು. "ಬೇರೆ ಎಲ್ಲಾದ್ರೂ ನೋಯ್ತದಾ ಪುಟ್ಟಿ?"

ಲಾಸ್ಯ ಡಾಕ್ಟರನ್ನು ನೋಡಲಿಲ್ಲ, ಅಮ್ಮನನ್ನೂ ನೋಡಲಿಲ್ಲ. ಬಾಗಿಲ ಹತ್ತಿರ ನಿಂತಿದ್ದ ನನ್ನ ಮುಖ ನೋಡಿದಳು.

"ಇದ್ದಿದ್ ಇದ್ದಂಗೆ ಹೇಳು ಕಂದ" ಎಂದೆ. "ಯಾರೂ ಬೈಯಲ್ಲ. ಬಸ್ಸಿಂದ ಯಾರೂ ಇಳ್ಸಲ್ಲ."

ಅವಳು ಬೆರಳನ್ನು ಬಾಯಿಯೊಳಗೆ ಹಾಕಿ, ಇನ್ನೊಂದು ಕಡೆಯ ದವಡೆಯನ್ನು ಮುಟ್ಟಿದಳು. "ಇದೂ ನೋಯ್ತದೆ."

"ಎಷ್ಟು ದಿನದಿಂದಮ್ಮ?"

"ಅವಾಗಿಂದ" ಎಂದಳು. "ಮಾಮ ಹೇಳ್ಬೇಡ ಅಂದ್ರಲ್ಲ, ಅವಾಗಿಂದ."

ಡಾಕ್ಟರು ದೀಪ ಎಳೆದುಕೊಂಡರು. ಸುಜಿ ನನ್ನ ಕಡೆ ನೋಡಲಿಲ್ಲ. ಮಗಳ ಗಲ್ಲ ಹಿಡಿದು, ಮುಖವನ್ನು ಮೆಲ್ಲಗೆ ಬೆಳಕಿನ ಕಡೆ ತಿರುಗಿಸಿದಳು.